ಹಾಲಿನ ಬಳೆ

ವ್ಯಾನು ನಿಂತ ಕೂಡಲೇ ವನಮಾಲಾ ಮಾಡುವ ಮೊದಲ ಕೆಲಸ ಬೈಯುವುದು.

"ಯಾರೂ ನೀರು ಮುಟ್ಟಬೇಡಿ! ಕಲ್ಲು ಎಸೀಬೇಡಿ! ಏಯ್, ಆ ಎಮ್ಮೆ ಯಾರದು? ಹಿಡ್ಕೊಳ್ರೀ ಅದನ್ನ!"

ಕರಿಗುಟ್ಟದ ಹಳೆಯ ಕಲ್ಲುಕ್ವಾರಿಯ ಅಂಚಿನಲ್ಲಿ ಅರ್ಧ ಊರೇ ನಿಂತಿತ್ತು. ಎಮ್ಮೆಯ ಯಜಮಾನ ಹಗ್ಗ ಎಳೆದುಕೊಂಡು, "ನೀರು ಕುಡಿಯಕ್ಕೂ ಬಿಡಲ್ವಾ ಸರ್ಕಾರದೋರು?" ಎಂದು ಗೊಣಗಿದ. ಡ್ರೈವರ್ ಇಮ್ತಿಯಾಜ್ ಯಂತ್ರದ ಚೌಕಟ್ಟಿನ ಕಂಬಿಗಳನ್ನು ಇಳಿಸುತ್ತ, "ಇವತ್ತೊಂದಿನ ಬಾಟಲ್ ನೀರು ಕುಡಿಸಣ್ಣ, ಸಾಹೇಬರ ಥರ ಇರ್ಲಿ" ಎಂದ. ಜನ ನಕ್ಕರು. ನಕ್ಕರೂ ಯಾರೂ ಮುಂದೆ ಬರಲಿಲ್ಲ. ಈ ವ್ಯಾನು ಬಂದ ಊರಿನಲ್ಲಿ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಜನ ಇದನ್ನು ನೀರಿನ ಎಕ್ಸ್‌ರೇ ಎನ್ನುತ್ತಾರೆ. ಇಲಾಖೆಯ ಹೆಸರು ಉದ್ದವಾಗಿದೆ, ಯಾರಿಗೂ ಬಾಯಿಗೆ ಬರುವುದಿಲ್ಲ. ಸಂಗತಿ ಮಾತ್ರ ಸುಲಭ. ಈಜುವವನ ಹಿಂದೆ, ಓಡುವ ದೋಣಿಯ ಹಿಂದೆ ನೀರು ಕಲಕಿ, ಸಣ್ಣದು ದೊಡ್ಡದು ಸುಳಿಗಳ ಒಂದು ಬಾಲ ಉಳಿಯುತ್ತದೆ. ಅದೇ ಜಾಡು. ಹರಿಯುವ ನೀರಿನಲ್ಲಿ ಜಾಡು ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಅಳಿಸಿಹೋಗುತ್ತದೆ. ಆದರೆ ಮೇಲೆ ಹಗುರವಾದ ಮಳೆನೀರು, ಕೆಳಗೆ ಭಾರದ ಉಪ್ಪುನೀರು ಪದರ ಪದರವಾಗಿ ನಿಂತಿದ್ದರೆ, ಸುಳಿಗಳು ಮೇಲೇಳಲೂ ಆಗದೆ ಕೆಳಗಿಳಿಯಲೂ ಆಗದೆ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಮಲಗಿಬಿಡುತ್ತವೆ. ಹಾಗೆ ಮಲಗಿದವು ಕೆಲವು ದಿನ ಬದುಕುತ್ತವೆ ಎಂದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ವರ್ಷಗಟ್ಟಲೆ ಬದುಕುತ್ತವೆ ಎಂದು ಗೊತ್ತಾದದ್ದು ಬಾಗಿಲು ಹಾಕಿಬಿಟ್ಟಿದ್ದ ಒಂದು ಪ್ರಯೋಗಾಲಯವನ್ನು ಮತ್ತೆ ತೆರೆದಾಗ. ಅಲ್ಲಿನ ಗಾಜಿನ ತೊಟ್ಟಿಯ ನೀರಿನಲ್ಲಿ, ಯಾವತ್ತೋ ಎಳೆದಿದ್ದ ಒಂದು ಚೆಂಡಿನ ಜಾಡು ಇನ್ನೂ ಮೆಲ್ಲಗೆ ತಿರುಗುತ್ತಿತ್ತು. ಯಾಕೆ ಅಂತ ಇವತ್ತಿಗೂ ಜಗಳ ಮುಗಿದಿಲ್ಲ.

ಆ ಜಾಡನ್ನು ಓದುವ ಸಾಧನ ಇನ್ನೊಂದು ಸುಳಿ. ಬೀಡಿ ಸೇದುವವರು ಬಾಯಿಂದ ಬಿಡುವ ಹೊಗೆಯ ಉಂಗುರದಂಥದ್ದು, ನೀರಿನಲ್ಲಿ. ವನಮಾಲಾಳ ಇಲಾಖೆಯವರು ಅದಕ್ಕೆ ಬಳೆ ಎನ್ನುತ್ತಾರೆ. ನಿಂತ ನೀರಿನಲ್ಲಿ ಬಳೆ ದುಂಡಗೆ ಇಳಿಯುತ್ತದೆ. ಜಾಡಿನ ನಡುವೆ ತೂರಿದರೆ ಒಂದು ಕಡೆ ಸೊಟ್ಟಗಾಗುತ್ತದೆ, ಇನ್ನೊಂದು ಕಡೆ ಹಿಗ್ಗುತ್ತದೆ. ಎಲ್ಲಿ ಹೇಗೆ ಸೊಟ್ಟಗಾಯಿತೆಂದು ಯಂತ್ರ ಲೆಕ್ಕ ಹಾಕಿ, ಜಾಡು ಬಿಟ್ಟವರ ಆಕಾರವನ್ನು ತೆರೆಯ ಮೇಲೆ ತರುತ್ತದೆ. ತೊಂದರೆ ಒಂದೇ. ಬಳೆ ಓದುತ್ತ ಓದುತ್ತಲೇ ಜಾಡನ್ನು ತನ್ನ ಜೊತೆ ಎಳೆದುಕೊಂಡು ಹೋಗುತ್ತದೆ. ಒಮ್ಮೆ ಓದಿದ್ದನ್ನು ಎರಡನೆಯ ಸಲ ಓದಲಾಗುವುದಿಲ್ಲ.

ಇದು ಬಂದ ಮೇಲೆ ಜನ ಬದಲಾದರು. ಯಾರನ್ನಾದರೂ ಬಾವಿಗೆ ತಳ್ಳುವವರು ಈಗ ತಳ್ಳಿದ ಮೇಲೆ ಗಳ ತಂದು ನೀರು ಕಲಕಿ ಹೋಗುತ್ತಾರೆ. ಕೆಲವು ಮನೆಯವರು ಮಗು ಬಿದ್ದ ಬಾವಿಗೆ ಮುಳ್ಳುಬೇಲಿ ಹಾಕಿ, ಕೊಡ ಇಳಿಸಲು ಬಿಡದೆ ಕಾಯುತ್ತಾರೆ. ಇನ್ನು ಕೆಲವರು ಮೋಟಾರ್ ಇಟ್ಟು ಬಾವಿಯನ್ನೇ ಬತ್ತಿಸಿಬಿಡುತ್ತಾರೆ. ಗೊತ್ತಾಗುವುದೇ ಬೇಡ ಅಂತ. ವನಮಾಲಾಳಿಗೆ ಈ ಬತ್ತಿಸುವವರ ಮೇಲೆ ಒಂಚೂರೂ ಕೋಪವಿಲ್ಲ.

ಅವರ ಕೆಲಸಕ್ಕೊಂದು ಕಟ್ಟಳೆಯಿದೆ. ಬಳೆ ಬಿಡುವ ಮೊದಲು ಮನೆಯವರು ನೀರಿನ ಪಕ್ಕ ನಿಂತು ತಮ್ಮ ಪ್ರಶ್ನೆಯನ್ನು ತಮ್ಮ ಬಾಯಲ್ಲೇ ಕೇಳಬೇಕು. ಒಂದೇ ಪ್ರಶ್ನೆ. ಉತ್ತರವೂ ಅಷ್ಟಕ್ಕೇ. ಹಿಂದೊಮ್ಮೆ, ತೆರೆಯ ಮೇಲೆ ಕಂಡದ್ದನ್ನೆಲ್ಲ ಒಬ್ಬ ತಂದೆಗೆ ವಿವರಿಸಿ ಹೇಳಿದ್ದರು. ಆತ ಆಮೇಲೆ ನೀರು ಕಂಡರೆ ಕೂಗುತ್ತಿದ್ದನಂತೆ, ಸ್ನಾನಕ್ಕೂ ಬರುತ್ತಿರಲಿಲ್ಲವಂತೆ. ಅಂದಿನಿಂದ ಈ ಕಟ್ಟಳೆ. ಕೇಳದೆ ಉಳಿದದ್ದೆಲ್ಲ ಯಂತ್ರ ನಡೆಸುವವರ ತಲೆಯಲ್ಲಿ ಉಳಿಯುತ್ತದೆ. ಅದಕ್ಕೆ ಯಾರೂ ಕಟ್ಟಳೆ ಮಾಡಿಲ್ಲ.

ಈ ಸಲ ಕರೆಸಿದ್ದವಳು ಮುನಿತಾಯಮ್ಮ. ಜಲ್ಲಿ ಒಡೆದು ಗಟ್ಟಿಯಾದ ಕೈ, ನಲವತ್ತರ ಆಸುಪಾಸಿನ ಹೆಂಗಸು. ಒಂಬತ್ತು ವರ್ಷದ ಹಿಂದೆ ಅವಳ ಗಂಡ ಸೊಣ್ಣಪ್ಪ ಇದೇ ಕ್ವಾರಿ ನೀರಿನಲ್ಲಿ ಸತ್ತ. ಮಧ್ಯಾಹ್ನ ಎಲ್ಲರೂ ದೂರದ ಹುಣಸೆಮರದ ಕೆಳಗೆ ಉಣ್ಣಲು ಕೂತಿದ್ದಾಗ ಇವನು ಮೈಯ ಕಲ್ಲುಪುಡಿ ತೊಳೆಯಲು ಇಳಿದವನು ಬರಲಿಲ್ಲ. ಎರಡನೆಯ ದಿನ ತೇಲಿದ. ಕ್ವಾರಿಯವರು ಆಮೇಲೆ ಕೆಲಸ ನಿಲ್ಲಿಸಿ ಹೋದರು. ಸುತ್ತ ಕಲ್ಲಿನ ಗೋಡೆ, ಗಾಳಿ ಕೆಳಗಿಳಿಯುವುದಿಲ್ಲ, ಬಿರುಕಿನಿಂದ ಉಪ್ಪುನೀರು ಜಿನುಗುತ್ತದೆ. ಜಾಡು ಉಳಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

"ನಿಮ್ಮ ಪ್ರಶ್ನೆ ಏನಮ್ಮ?" ಎಂದು ವನಮಾಲಾ ಕೇಳಿದಳು.

"ಜಾರಿಬಿದ್ನಾ, ಬೇಕೂಂತ ಮುಳುಗಿದ್ನಾ. ಅಷ್ಟೇ ಅಕ್ಕ."

ಹಿಂದಿನಿಂದ ಒಂದು ಮುದಿ ದನಿ ಬಂತು. "ಅದನ್ನ ಮಿಷನ್ನು ಯಾಕೆ ಹೇಳ್ಬೇಕು? ನನ್ನ ಕೇಳು, ನಾನೇಳ್ತೀನಿ."

ಸೊಣ್ಣಪ್ಪನ ತಾಯಿ ಚೌಡಮ್ಮ. ಕೋಲೂರಿಕೊಂಡು ಅಲ್ಲಿಯವರೆಗೂ ಇಳಿದು ಬಂದಿದ್ದಳು.

ಮಧ್ಯಾಹ್ನ ಊಟಕ್ಕೆ ಅವರ ಮನೆಗೇ ಹೋಗಬೇಕಾಯಿತು. ಎರಡು ಕೋಣೆಯ ಶೀಟಿನ ಮನೆ. ಒಳಗೆ ಕಾಲಿಟ್ಟ ಕೂಡಲೇ ವನಮಾಲಾಳ ಕಣ್ಣಿಗೆ ಬಿದ್ದದ್ದು ಎರಡು ಒಲೆ. ಒಂದು ಮೂಲೆಯಲ್ಲಿ ಮುನಿತಾಯಮ್ಮನ ಗ್ಯಾಸು, ಎದುರು ಮೂಲೆಯಲ್ಲಿ ಚೌಡಮ್ಮನ ಸೌದೆ ಒಲೆ. ಸೊಸೆ ಮುಟ್ಟಿದ ನೀರನ್ನೂ ಮುದುಕಿ ಕುಡಿಯುವುದಿಲ್ಲ. ಒಂಬತ್ತು ವರ್ಷದಿಂದ ಒಂದೇ ಸೂರಿನ ಕೆಳಗೆ ಎರಡು ಹೊಗೆ.

"ತಾಯಿ, ಇತ್ತ ಬಂದು ಕೂತ್ಕೋ. ನನ್ನ ಮುದ್ದೆ ತಿನ್ನು. ಅತ್ತಗಿನದು ಗಂಟಲಿಗೆ ಇಳಿಯಕ್ಕಿಲ್ಲ, ನಾಲಿಗೆ ಖಾರ ಬಿದ್ದಿರ್ತದೆ" ಎಂದಳು ಚೌಡಮ್ಮ.

ಮುನಿತಾಯಮ್ಮ ಸಾರಿಗೆ ಒಗ್ಗರಣೆ ಹಾಕಿದಳು.

"ಬೆಳಗ್ಗೆ ಬೆಳಗ್ಗೆ ಗಂಡನ ಮಖದ ಮುಂದೆ ನಿಂತು, ನೀನಿದ್ದರೆಷ್ಟು ಬಿಟ್ಟರೆಷ್ಟು ಅಂದ್ಳು. ನಾನು ಇದೇ ಹೊಸಲ ಮೇಲೆ ಕೂತು ಕೇಳಿಸ್ಕಂಡೆ. ದಿನಾ ಮಧ್ಯಾಹ್ನ ಬುತ್ತಿ ತಗೊಂಡು ಕ್ವಾರಿಗೆ ಹೋಗ್ತಿದ್ದೋಳು ಅವತ್ತು ಹೋಗಲಿಲ್ಲ. ಮುದ್ದೆ ತಟ್ಟೆ ಮುಚ್ಚಿಟ್ಟು ಮುನಿಸ್ಕಂಡು ಕೂತ್ಳು. ಅವ್ನು ಉಪವಾಸ ಸತ್ತ. ಇನ್ನೇನು ಕೇಳ್ತಾಳೆ ಮಿಷನ್ನ?"

ಇಮ್ತಿಯಾಜ್ ಎರಡೂ ಒಲೆಯ ಮುದ್ದೆಯನ್ನು ಒಂದೊಂದು ಹಾಕಿಸಿಕೊಂಡು ತಿಂದ. "ನಾನು ಎರಡೂ ಕಡೆಯೋನು ಅಜ್ಜಿ" ಎಂದ. ಚೌಡಮ್ಮನ ತುಟಿ ಸ್ವಲ್ಪ ಅಲುಗಿತು, ಅಷ್ಟೇ.

ಊಟವಾದ ಮೇಲೆ ಕೆಲಸ. ಮೊದಲು ಬಳೆ ಬಿಡುವುದಿಲ್ಲ. ತೆಳ್ಳನೆಯ ಬೆಳಕಿನ ಹಾಳೆಯೊಂದನ್ನು ನೀರೊಳಗೆ ಇಳಿಸಿ, ತೇಲುವ ಧೂಳಿನ ಕಣಗಳು ಹೇಗೆ ತಿರುಗುತ್ತಿವೆ ಎಂದು ಮುಟ್ಟದೆಯೇ ನೋಡುತ್ತಾರೆ. ವ್ಯಾನಿನೊಳಗೆ ಕತ್ತಲೆ ಮಾಡಿಕೊಂಡು ವನಮಾಲಾ ತೆರೆಯ ಮುಂದೆ ಕೂತಳು. ನೀರೊಳಗೆ ಒಂದು ಕಲ್ಲಿನ ಮೆಟ್ಟಿಲು ಕಂಡಿತು. ಆಳುದ್ದಕ್ಕಿಂತ ಒಂದು ಮೊಳ ಹೆಚ್ಚು ಆಳ. ಜನ ಮೈ ತೊಳೆಯುತ್ತಿದ್ದ ಬಂಡೆಯಿಂದ ಕಾಲು ಜಾರಿದರೆ ನೇರ ಅಲ್ಲಿಗೇ. ಮೆಟ್ಟಿಲ ಮೇಲೆ ತುಕ್ಕು ಹಿಡಿದ ಕ್ರೇನಿನ ಉಕ್ಕಿನ ಹಗ್ಗ ಕುಣಿಕೆ ಕುಣಿಕೆಯಾಗಿ ಬಿದ್ದಿತ್ತು. ಸುತ್ತಲಿನ ನೀರಿನಲ್ಲಿ ಕಪ್ಪೆಗಳ, ಮೀನುಗಳ, ಬಿದ್ದ ಎಲೆಗಳ ಹಳೆಯ ಜಾಡು ಬೇಕಾದಷ್ಟಿತ್ತು. ಆದರೆ ಆ ಮೆಟ್ಟಿಲ ನೇರ ಮೇಲೆ, ಮನುಷ್ಯನೊಬ್ಬ ನಿಲ್ಲುವಷ್ಟು ಜಾಗದಲ್ಲಿ, ಏನೂ ಇರಲಿಲ್ಲ. ತೊಳೆದು ಒರೆಸಿಟ್ಟ ಪಾತ್ರೆಯ ಹಾಗೆ ನೀರು ಖಾಲಿ.

"ಇದನ್ನ ಯಾರೋ ಮೊದಲೇ ಓದಿಬಿಟ್ಟವ್ರೆ ಮೇಡಂ" ಎಂದ ಇಮ್ತಿಯಾಜ್.

"ಈ ಜಿಲ್ಲೆಗೆ ಇರೋದು ನಮ್ಮದೊಂದೇ ವ್ಯಾನು."

"ಮತ್ತೆ ಅದೇನದು, ಕೆಳಗೆ?"

ಮೆಟ್ಟಿಲ ಅಂಚು ದಾಟಿ, ಉಪ್ಪುನೀರು ಗಟ್ಟಿಯಾಗುವ ಕಡೆ, ದುಂಡನೆಯ ಚಪ್ಪಟೆ ಸುಳಿಗಳು ಒಂದರ ಕೆಳಗೊಂದು ಮಲಗಿದ್ದವು. ಅಂಗಡಿಯಲ್ಲಿ ಬಳೆ ಜೋಡಿಸಿದ ಹಾಗೆ. ಯಾವುದೋ ಸಾಧನದಿಂದ ಬಿಟ್ಟದ್ದಲ್ಲ, ಒಂದೊಂದೂ ಒಂದೊಂದು ಗಾತ್ರ. ಆದರೂ ಬಳೆಗಳೇ.  ಈ ಕೆಲಸದಲ್ಲಿ ಅವಳು ನೋಡಬಾರದ್ದನ್ನೆಲ್ಲ ನೋಡಿದ್ದಳು. ಆದರೆ ತನಗಿಂತ ಮೊದಲೇ ಯಾರೋ ಇಲ್ಲಿ ನಿಂತು ಸತ್ತವನನ್ನು ಮತ್ತೆ ಮತ್ತೆ ಕೇಳಿದ್ದಾರೆ ಎಂಬುದನ್ನು ಎಲ್ಲಿಯೂ ನೋಡಿರಲಿಲ್ಲ.

ಸಂಜೆ ಹೊರಡುವ ಮುಂಚೆ ಹೇಳಿಹೋಗೋಣವೆಂದು ಮನೆಯ ಬಾಗಿಲಿಗೆ ಹೋದಳು. ಮುನಿತಾಯಮ್ಮ ಒಂದು ಹಿತ್ತಾಳೆ ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

"ನಾಳೆ ಅವ್ನ ದಿವಸ ಅಕ್ಕ. ವರ್ಷಾ ವರ್ಷಾ ಹಾಲು ಬಿಡ್ತೀನಿ, ಆ ಬಂಡೆ ಮೇಲಿಂದ. ಮೂರನೇ ದಿನದ ಹಾಲು ತುಪ್ಪಾನೂ ಅಲ್ಲೇ ಬಿಟ್ಟಿದ್ದು. ಎಲ್ಲಾರೂ ಮಣ್ಣು ಮಾಡಿದ ಕಡೆ ಬಿಡಬೇಕು ಅಂದ್ರು. ಮಣ್ಣಾಗೆ ಬರೀ ಮೈ ಅಷ್ಟೇ ಅಲ್ವಾ ಇರೋದು? ಅವ್ನ ಪ್ರಾಣ ಹೋಗಿದ್ದು ನೀರಾಗೆ. ಅದಕ್ಕೇ ಅಲ್ಲಿ ಬಿಟ್ಟೆ."

ವನಮಾಲಾ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಹೇಗೆ ಬಿಡ್ತೀರಿ? ಚೆಲ್ಲಿಬಿಡ್ತೀರಾ?"

"ಚೆಲ್ಲಿದ್ರೆ ಮೇಲುಗಡೇನೇ ಹರಡ್ಕಂಡು ಹೋಗ್ತದೆ. ಅವ್ನಿಗೆ ಸೇರಬೇಕಲ್ಲ. ಬಗ್ಗಿ, ಗಿಂಡಿ ಬಾಯಿ ನೀರಿಗೆ ತಾಕಿಸಿ, ತಟಕ್ಕಂತ ಒಂದು ಸಲ ಬಗ್ಗಿಸಿಬಿಡ್ತೀನಿ. ಉಂಡೆ ಕಟ್ಕಂಡು ಇಳೀತದೆ ನೋಡಿ, ಬೆಳ್ಳಗೆ, ತಿರುಗ್ತಾ ತಿರುಗ್ತಾ. ಕಣ್ಣಿಗೆ ಕಾಣೋವರ್ಗೂ ನೋಡ್ತೀನಿ." ಅವಳ ಮುಖದಲ್ಲಿ ಅಂದು ಮೊದಲ ಸಲ ಏನೋ ಒಂದು ಸಡಿಲವಾಯಿತು. "ಅವ್ನು ಬಾಯಿ ತೆರ್ಕಂಡು ಕಾಯ್ತಿರ್ತಾನೆ ಅನ್ಸುತ್ತೆ."

ವನಮಾಲಾ ಎದ್ದು ವ್ಯಾನಿನ ಕಡೆ ಹೋದಳು.

ಮನೆ ಚಿಂತಾಮಣಿಯಲ್ಲಿ. ಗಂಡ ನಾಗಭೂಷಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಡುಗೆ ಅವನದೇ. ಹೆಂಡತಿ ಈ ಕೆಲಸಕ್ಕೆ ಸೇರಿದ ಮೇಲೆ ಆ ಮನೆಯಲ್ಲಿ ಕೆಲವು ಪದ್ಧತಿಗಳು ಹೇಳದೆ ಕೇಳದೆ ಬೆಳೆದಿದ್ದವು. ಮೀನಿನ ತೊಟ್ಟಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಾಯಿತು. ಸ್ನಾನಕ್ಕೆ ಬಕೆಟ್ಟಿನಲ್ಲಿ ನೀರು ತುಂಬಿಸಿಡುವುದಿಲ್ಲ, ನಲ್ಲಿ ಬಿಟ್ಟುಕೊಂಡೇ ಮೀಯಬೇಕು. ಹುಳಿ ಕದಡುವಾಗ ಅವನು ಅವಳಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಒಮ್ಮೆ ಸೌಟು ತೆಗೆದ ಮೇಲೂ ಅವಳು ಪಾತ್ರೆಯನ್ನೇ ನೋಡುತ್ತ ನಿಂತಿದ್ದಳು. ಏನಾಯಿತೆಂದು ಅವನು ಕೇಳಿದ್ದಕ್ಕೆ, "ಇನ್ನೂ ತಿರುಗ್ತಿದೆ ರೀ" ಎಂದಿದ್ದಳು.

ತಟ್ಟೆ ಮುಂದೆ ಕೂತು ಅವಳು ಹಾಲಿನ ಸಂಗತಿ ಹೇಳಿದಳು.

"ಅಂದ್ರೆ, ಆ ಯಮ್ಮನೇ ಅಳಿಸಿಹಾಕಿದಾಳೆ?"

"ವರ್ಷಕ್ಕೊಂದು ಬಳೆ. ಒಂದೊಂದು ಬಳೇನೂ ಅವನನ್ನ ಸ್ವಲ್ಪ ಸ್ವಲ್ಪ ಕಿತ್ಕೊಂಡು ಹೋಗಿದೆ. ಈಗ ಅಲ್ಲಿ ಏನೂ ಇಲ್ಲ. ಹಾಲು ಬಿಡದೆ ಇದ್ದಿದ್ರೆ ಇಡೀ ಮನುಷ್ಯ ಸಿಗ್ತಿದ್ದ."

"ಹೇಳ್ತೀಯಾ?"

"ಹೇಗ್ರೀ ಹೇಳೋದು? ನೀನು ಪ್ರೀತಿಯಿಂದ ಮಾಡಿದ್ದೇ ಅವನನ್ನ ಒರೆಸಿಹಾಕ್ತು ಅನ್ನಬೇಕಾ?"

ನಾಗಭೂಷಣ ಮೊಸರು ಬಡಿಸಿದ. "ಬ್ರೇಕ್ ಲೈನಿಂಗ್ ಸವೆದು ಹೋಗಿರ್ತದೆ ಅಂತಿಟ್ಕೋ. ಎಲ್ಲಿ ಹೋಯ್ತು ಅದು? ಮಾಯ ಆಗಲ್ಲ. ಡ್ರಮ್ ಒಳಗೆ ಪುಡಿಯಾಗಿ ಕೂತಿರ್ತದೆ. ಪುಡಿ ನೋಡಿದ್ರೆ ಡ್ರೈವರ್ ಹೇಗೆ ಓಡಿಸ್ತಿದ್ದ ಅಂತ ನಾನು ಹೇಳ್ತೀನಿ."

ವನಮಾಲಾ ಕೈಯ ತುತ್ತನ್ನು ಹಾಗೇ ಹಿಡಿದುಕೊಂಡು ಅವನನ್ನು ನೋಡಿದಳು. ಬಳೆ ಜಾಡನ್ನು ಕಿತ್ತುಕೊಂಡು ಹೋಗುತ್ತದೆ. ಕಿತ್ತುಕೊಂಡು ಹೋದದ್ದನ್ನು ತನ್ನ ಸೊಟ್ಟಿನಲ್ಲಿ ಇಟ್ಟುಕೊಂಡಿರುತ್ತದೆ. ಓದುವುದೆಂದರೆ ಅದೇ ತಾನೆ? ಕೆಳಗೆ ಮಲಗಿರುವ ಆ ಬಳೆಗಳೆಲ್ಲ ಓದಿ ಮುಗಿದವು. ಮೂರನೆಯ ದಿನ ಬಿಟ್ಟ ಹಾಲು ಎಲ್ಲಕ್ಕಿಂತ ಮೊದಲು, ಹಸಿ ಜಾಡಿನ ನಡುವೆಯೇ ಇಳಿದದ್ದು. ಅದರೊಳಗೆ ಸೊಣ್ಣಪ್ಪ ಪೂರ್ತಿ ಇರಬೇಕು.

ಮರುದಿನ ಬೆಳಿಗ್ಗೆ ಬಂದು ಅವಳು ಮುನಿತಾಯಮ್ಮನನ್ನು ಬಂಡೆಯ ಮೇಲೆ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. ಮುನಿತಾಯಮ್ಮ ತನ್ನ ಕೈಗಳನ್ನು ಸ್ವಲ್ಪ ಹೊತ್ತು ತಿರುಗಿಸಿ ನೋಡಿಕೊಂಡಳು. ಹಾಲು ತುಂಬಿದ ಗಿಂಡಿ ಪಕ್ಕದಲ್ಲೇ ಇತ್ತು.

"ನಾನೇ ತೊಳ್ದುಬಿಟ್ನಾ ಅಕ್ಕ?"

"ತೊಳೆದಿರಿ. ಎತ್ತಿ ಇಟ್ಟಿದ್ದೂ ನೀವೇ. ನಿಮ್ಮ ಮೊದಲನೇ ಹಾಲು ತಳದಲ್ಲಿ ಇನ್ನೂ ಇದೆ. ಅದರ ಮೂಲಕ ನಮ್ಮ ಬಳೆ ಒಂದು ಬಿಟ್ಟರೆ ಉತ್ತರ ಸಿಗಬಹುದು. ಆದರೆ ಅದೂ ಅಳಿಸಿಹೋಗ್ತದೆ. ಆಮೇಲೆ ಈ ನೀರಿನಲ್ಲಿ ಅವರು ಇರಲ್ಲ. ಬೇಡ ಅಂದರೆ ನಾವು ಸುಮ್ಮನೆ ಹೋಗ್ತೀವಿ. ಯೋಚನೆ ಮಾಡಿ."

ಮುನಿತಾಯಮ್ಮ ಯೋಚಿಸುವಷ್ಟರಲ್ಲಿ ಚೌಡಮ್ಮನ ಕೋಲು ಕಲ್ಲಿಗೆ ತಾಕುವ ಸದ್ದು ಇಳಿಯುತ್ತ ಬಂತು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಯಾಕೆ, ಹೆದರಿಕೆ ಆಯ್ತದಾ? ಕೇಳು. ಕೇಳಿಬಿಡು. ಊರಿಗೆಲ್ಲ ಗೊತ್ತಾಗ್ಲಿ."

"ಬಿಡಿ ಅಕ್ಕ" ಎಂದಳು ಮುನಿತಾಯಮ್ಮ ವನಮಾಲಾಳಿಗೆ. "ಬಳೆ ಬಿಡಿ." ಆಮೇಲೆ ನೀರಿನ ಕಡೆ ತಿರುಗಿ ತನ್ನ ಪ್ರಶ್ನೆ ಕೇಳಿದಳು. ಅದು ಯಂತ್ರವನ್ನು ಕೇಳಿದಂತಿರಲಿಲ್ಲ. "ಏ, ನೀನಾಗಿ ಹೋದ್ಯಾ? ಇಲ್ಲ ಬರಬೇಕು ಅಂತಿದ್ಯಾ?"

ಇಮ್ತಿಯಾಜ್ ಚೌಕಟ್ಟಿನ, ಬಳೆ ಬಿಡುವ ಕೊಳವೆಯನ್ನು ಆ ಜಾಗಕ್ಕೆ ತಂದು ಹಿಡಿದ. ಸಣ್ಣದೊಂದು ಟಪ್ ಎಂಬ ಸದ್ದು. ನೀರಿನ ಮೇಲೆ ಏನೂ ಕಾಣಲಿಲ್ಲ. ಕಪ್ಪೆಯೊಂದು ಹಾರಿದಷ್ಟೂ ಅಲ್ಲ.

ವ್ಯಾನಿನ ಕತ್ತಲೆಯಲ್ಲಿ ತೆರೆಯ ಮೇಲೆ ಮೊದಲು ಬರೀ ಮಬ್ಬು. ಆಮೇಲೆ ಮಬ್ಬಿನೊಳಗಿಂದ ಒಂದು ಕೈ ಮೂಡಿತು. ಅಂಗೈ ಕೆಳಗೆ ಮಾಡಿ ನೀರನ್ನು ಒತ್ತುತ್ತಿದ್ದ ಕೈ, ಮೇಲಕ್ಕೇಳುವವನ ಕೈ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಒಂದೊಂದು ಬಡಿತಕ್ಕೆ ಒಂದೊಂದು. ಒಂದು ಕಾಲು ಮೆಟ್ಟಿಲನ್ನು ಒದೆಯುತ್ತಿತ್ತು. ಇನ್ನೊಂದು ಕಾಲು ಉಕ್ಕಿನ ಹಗ್ಗದ ಕುಣಿಕೆ ಬಿದ್ದಿದ್ದ ಕಡೆ ಸಿಕ್ಕಿ, ಹಗ್ಗ ಬಿಟ್ಟಷ್ಟೇ ಮೇಲೇಳುತ್ತಿತ್ತು. ಒದ್ದಾಗ ಅವನ ತಲೆ ಒಂದು ಮೊಳ ಮೇಲೇಳುತ್ತಿತ್ತು. ನೀರಿಂದ ಬಾಯಿ ಹೊರಬರುವಷ್ಟು. ಉಸಿರೆಳೆದು ಮತ್ತೆ ಕೆಳಗೆ. ಮತ್ತೆ ಒದ್ದು ಮೇಲೆ.

ನೆಲಕ್ಕೆ ಬಿದ್ದ ಎಣ್ಣೆಯ ಹನಿಗಳಲ್ಲಿ ಮೊದಲು ಬಿದ್ದದ್ದು ಹೆಚ್ಚು ಹರಡಿರುತ್ತದೆ, ಕೊನೆಯದು ಕಡಿಮೆ. ಸುಳಿಗಳೂ ಹಾಗೆಯೇ. ಮೊದಲ ಕೈಗೂ ಕೊನೆಯ ಕೈಗೂ ನಡುವೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಯಂತ್ರ ಕೇಳದೆಯೇ ಮೂಲೆಯಲ್ಲಿ ತೋರಿಸುತ್ತದೆ. ವನಮಾಲಾ ಅದನ್ನು ಓದಿದಳು. ಇನ್ನೊಮ್ಮೆ ಓದಿದಳು. ಇಮ್ತಿಯಾಜ್ ಕೂಡ ಓದಿ, "ಯಾ ಅಲ್ಲಾ, ಇಷ್ಟೊತ್ತಾ" ಎಂದು ಬಾಗಿಲ ಕಡೆ ಮುಖ ಮಾಡಿದ.

ಹೊರಗೆ ಬಂದಾಗ ಬೆಳಕು ಕಣ್ಣಿಗೆ ಚುಚ್ಚಿತು. ಊರಿನವರು ಮೇಲೆ ಅಂಚಿನಲ್ಲಿ, ಅತ್ತೆ ಸೊಸೆ ಕೆಳಗೆ ಬಂಡೆಯ ಮೇಲೆ. 

"ಬರಬೇಕು ಅಂತಿದ್ದರು" ಎಂದಳು ವನಮಾಲಾ, ಮೇಲಿನವರಿಗೂ ಕೇಳುವ ಹಾಗೆ. "ಕಾಲು ಹಗ್ಗಕ್ಕೆ ಸಿಕ್ಕಿಕೊಂಡಿತ್ತು, ತೇಲುವಾಗ ಕಳಚಿರಬೇಕು. ಮೇಲೆ ಬರೋದಕ್ಕೆ ಕೈ ಕಾಲು ಬಡಿದಿದ್ದಾರೆ. ಸಾಯಬೇಕು ಅನ್ನೋರು ಹಾಗೆ ಮಾಡಲ್ಲ."

ಮುನಿತಾಯಮ್ಮ ಕೂತಲ್ಲೇ ಹಿಂದಕ್ಕೆ ವಾಲಿ ಬಂಡೆಗೆ ತಲೆ ಆನಿಸಿದಳು. ಅಳಲಿಲ್ಲ. ಬಾಯಿ ತೆರೆದುಕೊಂಡು, ಬಹಳ ದಿನದ ಮೇಲೆ ನೀರಿಂದ ಹೊರಬಂದವಳ ಹಾಗೆ ಉಸಿರಾಡಿದಳು.

ಚೌಡಮ್ಮ ಮಾತ್ರ ಕೋಲಿನ ಮೇಲೆ ಭಾರ ಬಿಟ್ಟು ನಿಂತೇ ಇದ್ದಳು. ಅವಳ ಕಣ್ಣು ನೀರಿನ ಮೇಲಿತ್ತು. "ಬರ್ತಾ ಇದ್ನಾ ನನ್ನ ಕಂದ" ಎಂದಳು. ಆಮೇಲೆ ಮೆಲ್ಲಗೆ ತಲೆಯೆತ್ತಿ, "ಎಷ್ಟೊತ್ತು ಬಡಕಂಡ?" ಎಂದು ಕೇಳಿದಳು.

ಮುನಿತಾಯಮ್ಮ ನೆಟ್ಟಗಾಗಿ ವನಮಾಲಾಳ ಕಡೆ ತಿರುಗಿದಳು. ಮುದುಕಿ ಏನು ಅಳೆಯುತ್ತಿದ್ದಾಳೆ ಎಂದು ಇಬ್ಬರಿಗೂ ತಿಳಿಯಿತು. ಮಧ್ಯಾಹ್ನ ಬುತ್ತಿ ಹೊತ್ತು ಬರುತ್ತಿದ್ದವಳು ಅವತ್ತು ಬರಲಿಲ್ಲ. ಒಂದೇ ಗಳಿಗೆಯಲ್ಲಿ ಮುಗಿದಿದ್ದರೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಮುಗಿಯದೆ ಇದ್ದಿದ್ದರೆ?

"ಅದು ಗೊತ್ತಾಗಲ್ಲ ಅಜ್ಜಿ. ಒಂದು ಬಳೆಗೆ ಒಂದೇ ಪ್ರಶ್ನೆ. ಅದೂ ಮುಗೀತು."

ಚೌಡಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ತಿರುಗಿ ಕೋಲೂರುತ್ತ ಮೇಲೆ ಹತ್ತತೊಡಗಿದಳು. ಜನ ದಾರಿ ಬಿಟ್ಟರು. ಒಬ್ಬೊಬ್ಬರಾಗಿ ಚೆದುರಿದರು. "ನಾನು ಮೊದಲೇ ಅಂದಿದ್ನಲ್ಲ, ಸೊಣ್ಣಪ್ಪ ಅಂಥೋನಲ್ಲ ಅಂತ" ಎಂದು ಯಾರೋ ಹೇಳುತ್ತಿದ್ದರು. ಅವರು ಹಾಗೆ ಯಾವತ್ತೂ ಅಂದಿರಲಿಲ್ಲ.

ಇಮ್ತಿಯಾಜ್ ಕಂಬಿಗಳನ್ನು ಬಿಚ್ಚುತ್ತಿದ್ದ. ವನಮಾಲಾ ಕೇಬಲ್ಲು ಸುತ್ತಲು ಬಗ್ಗಿದಾಗ ಮುನಿತಾಯಮ್ಮ ಪಕ್ಕದಲ್ಲಿ ಬಂದು ನಿಂತಳು.

"ನಿಮಗೆ ಗೊತ್ತಾಯ್ತು, ಅಲ್ವಾ ಅಕ್ಕ?"

"ಏನು?"

"ಎಷ್ಟೊತ್ತು ಅಂತ."

ವನಮಾಲಾ ಕೇಬಲ್ಲು ಸುತ್ತಿದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು. "ಬೇಡ ಮುನಿತಾಯಮ್ಮ. ನೀವು ಕೇಳಿದ್ದಕ್ಕೆ ಉತ್ತರ ಸಿಕ್ತು. ಒಳ್ಳೆ ಉತ್ತರ. ಅದನ್ನ ಇಟ್ಕೊಂಡು ಬದುಕಿ."

"ಎಲ್ಲಾ ಕಡೇನೂ ಹಿಂಗೇ ನೀವೇ ಇಟ್ಕಂಡು ಹೋಗ್ತೀರಾ? ನಿಮ್ಮ ಮಖ ನೋಡಿದ್ರೆ ಗೊತ್ತಾಯ್ತದೆ. ರಾತ್ರಿ ನಿದ್ದೆ ಮಾಡೋರ ಕಣ್ಣಲ್ಲ ಇವು." ಅವಳು ವನಮಾಲಾಳ ಕೈಯಿಂದ ಕೇಬಲ್ಲು ತೆಗೆದುಕೊಂಡು ಕೆಳಗಿಟ್ಟಳು. "ಅವ್ನು ನನ್ನ ಗಂಡ. ಅದು ನನ್ನದು. ಕೊಡಿ."

ಇಷ್ಟು ವರ್ಷದ ಕೆಲಸದಲ್ಲಿ ವನಮಾಲಾಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೇಳಲು ಬಾಯಿ ತೆರೆದಳು. ತೆರೆಯ ಮೂಲೆಯಲ್ಲಿದ್ದ ಅಂಕಿಯನ್ನು ಅಂಕಿಯಾಗಿ ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಕೂತ್ಕೊಳ್ಳಿ" ಎಂದಳು. "ನಾನೂ ಕೂತ್ಕೋತೀನಿ. ಅವರು ಬಡಿದಷ್ಟು ಹೊತ್ತು. ಮುಗಿದಾಗ ಹೇಳ್ತೀನಿ."

ಇಬ್ಬರೂ ಬಂಡೆಯ ಮೇಲೆ ಕೂತರು. ವನಮಾಲಾ ಕೈಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡಳು. ಕೆಳಗೆ ನೀರು ಕಪ್ಪಗೆ, ಸುಮ್ಮನೆ. ಜಲ್ಲಿ ತುಂಬಿದ ಲಾರಿಯೊಂದು ಮೇಲಿನ ರಸ್ತೆಯಲ್ಲಿ ಹೋಯಿತು, ಅದರ ಸದ್ದು ಗುಡ್ಡ ದಾಟುವವರೆಗೂ ಕೇಳಿಸಿತು. ಮಿಂಚುಳ್ಳಿಯೊಂದು ಬಂದು ಎದುರಿನ ಗೋಡೆಯ ಮೇಲೆ ಕೂತು, ಯೋಚಿಸಿ, ಹೋಯಿತು. ಮುನಿತಾಯಮ್ಮ ಮೊದಲು ನೀರನ್ನು ನೋಡುತ್ತಿದ್ದಳು. ಆಮೇಲೆ ವನಮಾಲಾಳ ಮುಖವನ್ನು. ಮುಗಿಯಿತೇ ಎಂದು ಅವಳ ಕಣ್ಣುಗಳು ಕೇಳುತ್ತಿದ್ದವು. ಇನ್ನೂ ಇತ್ತು. ಅವಳ ಬೆರಳುಗಳು ಸೆರಗನ್ನು ಹಿಂಡತೊಡಗಿದವು.

ಬಂಡೆಯ ನೆರಳು ಅವರ ಕಾಲಿನಿಂದ ಸ್ವಲ್ಪ ಸರಿಯಿತು. ವನಮಾಲಾಳಿಗೆ ತಡೆಯಲಾಗಲಿಲ್ಲ. ಗಡಿಯಾರವನ್ನು ಮುಚ್ಚಿ ಹಿಡಿದು, "ಈಗ" ಎಂದಳು. "ಮುಗೀತು. ಏಳಿ."

ಮುನಿತಾಯಮ್ಮ ಏಳಲಿಲ್ಲ. ಅವಳ ಕಣ್ಣಿಂದ ಈಗ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇಲ್ಲ ಅಕ್ಕ. ನೀವು ಕರುಣೆಗೆ ಹೇಳ್ತಿದ್ದೀರ, ನಾನು ಬಂದಿದ್ರೂ ಅವ್ನು ಉಳೀತಿರಲಿಲ್ಲ ಅಂತ. ಮನೆಯಿಂದ ಬುತ್ತಿ ಹೊತ್ತು ಇಲ್ಲಿಗೆ ಬರಕ್ಕೆ ನನಗೆ ಇನ್ನೂ ಹೊತ್ತಾಗ್ತಿತ್ತು. ಆ ಹುಣಸೆಮರದ ಹತ್ರ ಬಂದಿರ್ತಿದ್ದೆ ಈಗ, ಅಷ್ಟೇ. ಅವ್ನು ಬಡಕೊಳ್ತಾನೇ ಅವ್ನೆ. ಕೂತ್ಕೊಳ್ಳಿ."

ವನಮಾಲಾ ಮತ್ತೆ ಕೂತಳು.

ಮೇಲಿನಿಂದ ಚೌಡಮ್ಮನ ದನಿ ಬಂತು. ಒಂಬತ್ತು ವರ್ಷದಲ್ಲಿ ಸೊಸೆಯ ಹೆಸರು ಆ ಬಾಯಿಗೆ 'ಅವಳು' ಅಷ್ಟೇ ಆಗಿತ್ತು. "ಮುನಿತಾಯೀ... ಏ ಮುನಿತಾಯೀ... ಒಲೆ ಹಚ್ತೀನಿ ಬಾರೇ. ಆ ಅಮ್ಮನ್ನೂ ಕರ್ಕಂಡು ಬಾ. ಬಿಸಿ ಮುದ್ದೆ ಇಕ್ತೀನಿ."

ಆ ಕೂಗು ಕಲ್ಲಿನ ಗೋಡೆಗಳಿಗೆ ತಾಗಿ ನೀರಿನವರೆಗೂ ಇಳಿಯಿತು. ಇಮ್ತಿಯಾಜ್ ವ್ಯಾನಿನ ಬಾಗಿಲಲ್ಲಿ ನಿಂತು ಇವರ ಕಡೆ ನೋಡಿದ. ಮುನಿತಾಯಮ್ಮ ಓಗೊಡಲಿಲ್ಲ. ವನಮಾಲಾಳ ಕೈಯನ್ನು ಹುಡುಕಿ ಬಿಗಿಯಾಗಿ ಹಿಡಿದುಕೊಂಡು ಕೂತೇ ಇದ್ದಳು.

ಇನ್ನೂ ಮುಗಿದಿರಲಿಲ್ಲ.